ಬಿದ್ದ ಬಟ್ಟೆ

ಒಕ್ಕಣೆಯ ದಿನಗಳು ಬಂದರೆ ಕಪ್ಪು ಕಾರಿಗೆ ಪಾಲಿಶು ಮಾಡುವ ಕೆಲಸ ಒಪ್ಪಿಕೊಳ್ಳಬಾರದೆಂದು ಅವನು ವರ್ಷವರ್ಷವೂ ಅಂದುಕೊಳ್ಳುತ್ತಿದ್ದ, ವರ್ಷವರ್ಷವೂ ಒಪ್ಪಿಕೊಳ್ಳುತ್ತಿದ್ದ. ಷೆಡ್ಡಿನ ಹಿಂದಿನ ಹೊಲದಲ್ಲಿ ಬೆಳಗಾಗುವ ಮೊದಲೇ ಯಂತ್ರ ಗುರುಗುಟ್ಟತೊಡಗಿತ್ತು. ಹೊಟ್ಟು ಗಾಳಿಗೆ ಎದ್ದು, ಬೇಲಿ ದಾಟಿ, ತಗಡಿನ ಸಂದಿನಲ್ಲಿ ನುಸುಳಿ, ಎಲ್ಲಿ ಕೂರಬಾರದೋ ಸರಿಯಾಗಿ ಅಲ್ಲೇ ಬಂದು ಕೂರುತ್ತಿತ್ತು. ಅದಕ್ಕೆಂದೇ ಮುಂಬಾಗಿಲ ಷಟರನ್ನು ಪೂರ್ತಿ ಎಳೆದು, ಕೆಳಗಿನ ಸಂದಿಗೆ ಒದ್ದೆ ಗೋಣಿ ತುರುಕಿ, ನೆಲಕ್ಕೆ ಎರಡು ಸಲ ನೀರು ಚಿಮುಕಿಸಿ, ಹಾಡಹಗಲಲ್ಲೇ ಕತ್ತಲೆ ಮಾಡಿಕೊಂಡು ನಿಂತಿದ್ದ. ನಡುವೆ ವಕೀಲರ ಕಪ್ಪು ಕಾರು. ತೊಳೆದು, ಅಂಟಿದ್ದ ಡಾಂಬರಿನ ಚುಕ್ಕಿ, ಮರದ ಅಂಟು ಎಲ್ಲ ತೆಗೆದು, ಅಂಚುಗಳಿಗೂ ರಬ್ಬರಿಗೂ ಕಾಗದದ ಟೇಪು ಹಚ್ಚಿ ಮುಗಿಸಿದ್ದ. ಆ ಕತ್ತಲಲ್ಲಿ ಕಾರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಕಾಣುತ್ತಿರಲಿಲ್ಲ. ಟೇಪಿನ ಬಿಳಿ ಗೆರೆಗಳು ಮಾತ್ರ, ಇಲ್ಲದ ಯಾವುದೋ ವಸ್ತುವಿನ ಅಳತೆ ತೆಗೆದಿಟ್ಟ ಹಾಗೆ, ಗಾಳಿಯಲ್ಲಿ ನಿಂತಿದ್ದವು. ಕೈದೀಪ ಹೊತ್ತಿಸಿ ಬಾನೆಟ್ಟಿನ ಮೇಲೆ ಹಿಡಿದ. ಹಿಡಿದ ಕೂಡಲೇ ಅವು ಬಂದವು.

ಬಂದವು ಎಂದೇ ಅವನಿಗೆ ಯಾವಾಗಲೂ ಅನ್ನಿಸುವುದು. ಕಾರು ಒರೆಸುವವರೆಲ್ಲ ಬಟ್ಟೆಯಲ್ಲಿ ಅಡಗಿದ ಧೂಳಿನಿಂದ ಬಣ್ಣದ ಮೇಲೆ ಕೂದಲಿಗಿಂತ ಸಣ್ಣ ಗೀರುಗಳನ್ನು ಎಳೆಯುತ್ತಲೇ ಇರುತ್ತಾರೆ. ಬಿಳಿ ಕಾರು ಅದನ್ನು ನುಂಗಿಕೊಳ್ಳುತ್ತದೆ, ಕಪ್ಪು ಕಾರು ಇಟ್ಟುಕೊಳ್ಳುತ್ತದೆ. ಗೀರುಗಳು ಸಾವಿರಾರು, ಅಡ್ಡಾದಿಡ್ಡಿ. ಆದರೆ ಒಂಟಿ ದೀಪ ಹಿಡಿದರೆ ಅಡ್ಡಾದಿಡ್ಡಿ ಕಾಣುವುದಿಲ್ಲ. ದೀಪದ ಸುತ್ತ ಸುತ್ತುಸುತ್ತಾಗಿ, ಜೇಡ ಈಗಷ್ಟೇ ನೇಯ್ದು ಮರೆಗೆ ಹೋದ ಹಾಗೆ ಕಾಣುತ್ತವೆ. ದೀಪ ಎಡಕ್ಕೆ ಸರಿದರೆ ಸುತ್ತೂ ಎಡಕ್ಕೆ ಸರಿಯುತ್ತದೆ, ಮೇಲೆತ್ತಿದರೆ ಅಗಲವಾಗುತ್ತದೆ. ಬೆಳಕಿಗೆ ಅಡ್ಡವಾಗಿರುವ ಗೀರಷ್ಟೇ ಮಿನುಗುತ್ತದೆ, ಉಳಿದವು ಮಲಗಿರುತ್ತವೆ, ಬೇರೆ ಮಾಯವೇನಿಲ್ಲ ಎಂದು ಕೇಳಿದವರಿಗೆ ಅವನೇ ಬಿಡಿಸಿ ಹೇಳುತ್ತಿದ್ದ. ಹಾಗೆ ಹೇಳುವಾಗ ತನ್ನ ದನಿ ಸ್ವಲ್ಪ ಗಟ್ಟಿಯಾಗುವುದನ್ನೂ ಗಮನಿಸಿದ್ದ. ಇವತ್ತು ಕೇಳುವವರು ಯಾರೂ ಇರಲಿಲ್ಲ. ಸುತ್ತುಗಳ ನಡುವೆ ದೀಪ, ದೀಪದ ಹಿಂದೆ ಅವನದೇ ಮುಖ. ಕಪ್ಪಿನ ಆಳದಿಂದ ಯಾರೋ ಕಣ್ಣು ಬಿಟ್ಟು ತನ್ನನ್ನು ಗುರುತು ಹಿಡಿಯಲು ನೋಡುತ್ತಿದ್ದಾರೆ ಎನ್ನಿಸಿ ದೀಪವನ್ನು ಪಕ್ಕಕ್ಕೆ ಸರಿಸಿದ. ಕಣ್ಣು ಅವನ ಜೊತೆಗೇ ಸರಿಯಿತು.

ಊರವರು ಅವನನ್ನು ಕನ್ನಡಿ ಎಂದೇ ಕರೆಯುತ್ತಿದ್ದರು. ಕನ್ನಡಿ ಮುಟ್ಟಿದ ಕಾರಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು ಎಂಬುದು ಟೈರಿನಂಗಡಿಯವನು ದಿನಕ್ಕೊಮ್ಮೆ ಹೇಳುವ ಮಾತು. ಬೆಳಿಗ್ಗೆ ಅಣ್ಣ ಬಂದಾಗಲೂ ಅದೇ ಹೆಸರು ಹಿಡಿದು ಕರೆದಿದ್ದ. ಮನೆಯ ಹೆಸರು ಅಣ್ಣನ ಬಾಯಲ್ಲಿ ಬಂದು ಎಷ್ಟು ವರ್ಷವಾಯಿತೋ. ಅಣ್ಣ ವಕೀಲರ ಡ್ರೈವರು. ಕಾರು ಬಂದು ಆರು ತಿಂಗಳು. ಮೊನ್ನೆ ಪೆಟ್ರೋಲ್ ಬಂಕಿನ ದೀಪದ ಕೆಳಗೆ ವಕೀಲರು ಇಳಿದು ನಿಂತು, ಬಾನೆಟ್ಟಿನ ಮೇಲೆ ಬಗ್ಗಿ ನೋಡಿ, ಏನಯ್ಯಾ ಇದನ್ನ ತೆಂಗಿನ ನಾರಲ್ಲಿ ಉಜ್ಜಿದೀಯಾ ಎಂದು ನಾಲ್ಕು ಜನರೆದುರು ಕೇಳಿದರಂತೆ. ಎರಡು ದಿನದಲ್ಲಿ ಆ ಗೀರುಗಳು ಹೋಗಿರಬೇಕು, ಮತ್ತೊಮ್ಮೆ ಕಂಡರೆ ಕೀಲಿ ಮೇಜಿನ ಮೇಲಿಟ್ಟು ಹೋಗಬೇಕು ಎಂದರಂತೆ. ಅಣ್ಣ ಇದನ್ನೆಲ್ಲ ಬೇರೆ ಯಾರದೋ ಸುದ್ದಿಯ ಹಾಗೆ ನಗುತ್ತ ಹೇಳಿದ. ನಲವತ್ತಾರನೆಯ ವಯಸ್ಸಿನಲ್ಲಿ ಇನ್ನೊಂದು ಕಾರು ಯಾರು ಕೊಡುತ್ತಾರೆ ಎಂಬುದನ್ನು ಮಾತ್ರ ನಗದೆ ಹೇಳಿದ. ಆಮೇಲೆ ತನ್ನ ಬಲಗೈಯನ್ನು ಮುಂದೆ ಚಾಚಿ, ಅದು ಅಂಗಡಿಯಿಂದ ತಂದ ಕೆಟ್ಟ ಸಾಮಾನೇನೋ ಎನ್ನುವಂತೆ ತಿರುಗಿಸಿ ನೋಡಿದ.

"ನನ್ನ ಕೈಯೇ ಅಂಥದ್ದು ಮಾರಾಯ. ಎಡಗೈ ಬಿಟ್ಟೆ, ಬಲಗೈಗೆ ಕಲಿಸಿದೆ. ಆದ್ರೂ ಬರ್ತವೆ."

ಹೋಗುವಾಗ ಜೇಬಿನಿಂದ ಒಂದು ಬಟ್ಟೆ ತೆಗೆದು ಕೊಟ್ಟಿದ್ದ. ಮಡಿಚಿ ಮಡಿಚಿ ಮಡಿಕೆಗಳೇ ಸವೆದಿದ್ದ, ಬೂದಿ ಬಣ್ಣಕ್ಕೆ ತಿರುಗಿದ, ಮಗುವಿನ ಕಿವಿಯಷ್ಟು ಮೆತ್ತಗಿದ್ದ ಬಟ್ಟೆ. ಕೊನೆಯ ಒರೆಸಿಗೆ ಇದನ್ನೇ ತಗೋ, ಇಂಥದ್ದು ಈಗ ಸಿಗಲ್ಲ ಎಂದಿದ್ದ. ಹೊರಗಿನಿಂದ ಬಂದ ಬಟ್ಟೆಯನ್ನು ತೊಳೆಯದೆ, ಬೆಳಕಿಗೆ ಹಿಡಿದು ನೋಡದೆ ಅವನು ಯಾವತ್ತೂ ಬಣ್ಣಕ್ಕೆ ತಾಗಿಸಿದವನಲ್ಲ. ಆದರೆ ಅಣ್ಣನ ಕೈಯಿಂದ ಬಂದದ್ದನ್ನು ಬೆಳಕಿಗೆ ಹಿಡಿದು ನೋಡುವ ಮುಖ ಅವನಿಗಿರಲಿಲ್ಲ. ಇಸ್ತ್ರಿ ಮಾಡಿಟ್ಟ ತನ್ನ ಬಟ್ಟೆಗಳ ಮೇಲೆ ಅದನ್ನಿಟ್ಟ.

ಮೊದಲು ಬಾನೆಟ್ಟಿನ ಮೂಲೆಯಲ್ಲಿ ಒಂದು ಗೇಣು ಚೌಕ. ಬಣ್ಣದ ದಪ್ಪ ಅಳೆಯುವ ಮೀಟರು ಇಟ್ಟ: ನೂರ ಹತ್ತು ಮೈಕ್ರಾನ್. ಅದರಲ್ಲಿ ಮೇಲಿನ ಪಾರದರ್ಶಕ ಪದರವೇ ಜೀವ. ಗೀರಿರುವುದು ಅದರ ಮೇಲ್ಮೈಯಲ್ಲಿ, ಗೀರು ತೆಗೆಯುವುದೆಂದರೆ ಸುತ್ತಲಿನದನ್ನೆಲ್ಲ ಗೀರಿನ ತಳದವರೆಗೆ ಸವೆಸುವುದು. ಒಂದು ಗಾಯ ಮುಚ್ಚಬೇಕಾದರೆ ಇಡೀ ಚರ್ಮವನ್ನೇ ತೆಳ್ಳಗೆ ಮಾಡಬೇಕು. ಈ ಕಾರಿಗೆ ಕಾರ್ಖಾನೆಯವರೇ ಕೈ ಬಿಗಿ ಹಿಡಿದಿದ್ದರು. ನೂರಕ್ಕಿಂತ ಕೆಳಗೆ ಇಳಿಸಬಾರದು ಎಂದು ಮನಸ್ಸಿನಲ್ಲೇ ಗುರುತು ಮಾಡಿಕೊಂಡ. ಸ್ಪಂಜಿನ ಬಿಲ್ಲೆಗೆ ನಾಲ್ಕು ಹನಿ ಪಾಲಿಶು ಹಾಕಿ, ಮಿಷನನ್ನು ಮೆತ್ತಗೆ ಬಣ್ಣದ ಮೇಲಿಟ್ಟು, ಆಮೇಲೆ ಚಾಲೂ ಮಾಡಿದ. ಅಡ್ಡ ಒಂದು ಸಾಲು, ಉದ್ದ ಒಂದು ಸಾಲು, ಅರ್ಧರ್ಧ ಮೇಲೆ ಬೀಳುವಂತೆ. ಉಳುವವನ ನಡಿಗೆ ಎಷ್ಟೋ ಅಷ್ಟೇ ನಿಧಾನ. ಬಿಳಿ ಪಾಲಿಶು ತೆಳುವಾಗಿ, ಮಂಜಾಗಿ, ಎಣ್ಣೆಯ ಹಾಗೆ ಹೊಳೆದು ಆರಿತು. ತನ್ನ ಬಟ್ಟೆಯಿಂದ ತೆಗೆದ. ದೀಪ ಹಿಡಿದ. ಚೌಕದೊಳಗೆ ಏನೂ ಇರಲಿಲ್ಲ. ಬೆಳಕು ಒಂದೇ ಒಂದು ಬಿಂದುವಾಗಿ, ಬಾವಿಗೆ ಬಿದ್ದ ಹರಳಿನ ಹಾಗೆ, ಒಳಕ್ಕೆ ಇಳಿಯಿತು. ಅದರ ಮೇಲೆ ಅಣ್ಣನ ಬಟ್ಟೆಯಿಂದ ಕೊನೆಯ ಒರೆಸು ಒರೆಸಿ, ಇದೇ ಅಳತೆಯಲ್ಲಿ ಇಡೀ ಬಾನೆಟ್ಟು ಮಾಡಿದ. ಒಂದೂವರೆ ತಾಸು ಹಿಡಿಯಿತು. ಬೆನ್ನು ನೆಟ್ಟಗೆ ಮಾಡಿ, ನೀರು ಕುಡಿದು, ಮತ್ತೆ ದೀಪ ಹಿಡಿದ.

ಅವು ಅಲ್ಲೇ ಇದ್ದವು. ಬೆಳಿಗ್ಗೆ ಇದ್ದಷ್ಟು ದಟ್ಟವಾಗಿಲ್ಲ. ಆದರೆ ಇದ್ದವು, ಹೊಸದಾಗಿ, ತೆಳ್ಳಗೆ, ಸುತ್ತುಸುತ್ತಾಗಿ. ಮೊದಲ ಚೌಕವನ್ನು ಹುಡುಕಿದ, ಚೌಕವೇ ಸಿಗಲಿಲ್ಲ. ಅವನಿಗೆ ಮೊದಲು ಬಂದದ್ದು ನಾಚಿಕೆ. ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿ, ಮುಚ್ಚಿದ ಷಟರನ್ನು ನೋಡಿದ. ಹೊಟ್ಟಿನ ಯಂತ್ರ ಒಂದು ಗಳಿಗೆ ನಿಂತು, ಕೆಮ್ಮಿ, ಮತ್ತೆ ಶುರುವಾಯಿತು. ಮೀಟರು ಇಟ್ಟ: ನೂರ ಏಳು.

ಹಿಂದೆ ಅವನೂ ಅಣ್ಣನೂ ಕೆಲಸ ಕಲಿತ ಮೇಸ್ತ್ರಿಯ ಗ್ಯಾರೇಜಿನಲ್ಲಿ ಸಂಜೆಯ ದೀಪ ಎಂದರೆ ಎಲ್ಲರಿಗೂ ಪರೀಕ್ಷೆ. ಐದು ಜನ ಕೆಲಸದವರು, ಒಬ್ಬೊಬ್ಬರಿಗೆ ಕಾರಿನ ಒಂದೊಂದು ಭಾಗ. ಕೆಲಸ ಮುಗಿದ ಮೇಲೆ ಎಲ್ಲರೂ ಗೋಡೆಗೆ ಆತು ನಿಲ್ಲಬೇಕು, ಮೇಸ್ತ್ರಿ ದೀಪ ಹಿಡಿದು ಕಾರಿನ ಸುತ್ತ ಬರುತ್ತಾನೆ, ಗೆರೆ ಕಂಡಲ್ಲಿ ನಿಂತು ಕೈಯ ಹೆಸರು ಹೇಳುತ್ತಾನೆ. ಇದು ಅವಸರದ ಕೈ. ಇದು ಹೆಂಡತಿ ಜೊತೆ ಜಗಳ ಆಡಿ ಬಂದ ಕೈ. ಎಲ್ಲರೂ ನಗಬೇಕು. ಬಟ್ಟೆಗಳಿಗೂ ಅಲ್ಲಿ ಲೆಕ್ಕವಿತ್ತು. ಮೇಸ್ತ್ರಿಯ ಹೆಂಡತಿ ಅಂಚು ಹೊಲಿದು ಕೊಡುತ್ತಿದ್ದಳು, ಅಣ್ಣನ ಬಟ್ಟೆಗಳಿಗೆ ನೀಲಿ ದಾರ, ಇವನವಕ್ಕೆ ಕೆಂಪು. ನಾಲ್ಕಾಗಿ ಮಡಿಚಿ, ಎಂಟಾಗಿ ಮಡಿಚಿ, ಒಂದು ಮುಖ ಒಮ್ಮೆ ಮಾತ್ರ. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಬಣ್ಣ ಮುಟ್ಟುವ ಹಾಗಿಲ್ಲ. ಅದು ಚಕ್ರ ತೊಳೆಯುವ ಬಕೆಟ್ಟಿಗೆ ಹೋಗಬೇಕು. ಬಕೆಟ್ಟಿನಲ್ಲಿ ಯಾರ ದಾರ ತೇಲಿದರೂ ಸಂಜೆ ಗೋಡೆಯ ಹತ್ತಿರ ಅವನ ಹೆಸರು ಬರುತ್ತಿತ್ತು: ಕೈಗೆ ಬೆಣ್ಣೆ ಸವರಿಕೊಂಡು ಬಂದಿದ್ದಾನೆ ನೋಡ್ರೋ. ಅಷ್ಟೇ. ಅಷ್ಟು ಮಾತಿಗೆ ಹೆದರಿಯೇ... ಎರಡನೆಯ ಸಲ ಮಿಷನ್ ಹಿಡಿದಾಗ ಕೈ ನಡುಗುತ್ತಿದೆಯೇ ಎಂದು ನೋಡಿಕೊಂಡ. ನಡುಗುತ್ತಿರಲಿಲ್ಲ. ಅವನ ಕೈ ಯಾವತ್ತೂ ನಡುಗಿದ್ದಿಲ್ಲ. ಆವತ್ತು ಬೆಳಿಗ್ಗೆಯೂ ನಡುಗಿರಲಿಲ್ಲ.

ಎರಡನೆಯ ಸಲವೂ ಬಂದವು. ನೂರ ಐದು.

ಹಿಂಬಾಗಿಲು ಸ್ವಲ್ಪವೇ ತೆರೆದು ಹೆಂಡತಿ ಊಟದ ಡಬ್ಬಿ ಚಾಚಿದಳು. ಬಾಗಿಲು ಪೂರ್ತಿ ತೆರೆದರೆ ಅವನು ಕೂಗಾಡುತ್ತಾನೆಂದು ಅವಳಿಗೆ ಗೊತ್ತು. ಹಗಲಲ್ಲಿ ಬಾಗಿಲು ಹಾಕಿಕೊಂಡು ದೀಪ ಉರಿಸುವವರು ಇಬ್ಬರೇ, ನೋಟು ಅಚ್ಚು ಹಾಕುವವರು ಮತ್ತು ನನ್ನ ಗಂಡ, ಅವರಿಗಾದರೆ ನೋಟಾದರೂ ಸಿಗುತ್ತದೆ ಎಂದು ಸಂದಿನಲ್ಲೇ ಹೇಳಿದಳು. ಅವನು ನಗದೆ ಇದ್ದುದನ್ನು ನೋಡಿ ಹೊಸ್ತಿಲ ಮೇಲೆ ಕೂತಳು. ಭಾವ ಸಂಜೆ ಬರುತ್ತಾರಲ್ಲ, ಊಟಕ್ಕೆ ನಿಲ್ಲಿಸಿಕೊಳ್ಳಿ ಎಂದಳು. ಆಮೇಲೆ, ಎಷ್ಟೋ ದಿನದಿಂದ ಕೇಳಬೇಕೆಂದುಕೊಂಡದ್ದನ್ನು ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೇಳಿದಳು.

"ಭಾವ ಊಟಕ್ಕೆ ಕೂತಾಗೆಲ್ಲ ಎಡಗೈನ ತೊಡೆ ಕೆಳಗೆ ಹಾಕ್ಕೊಂಡು ಕೂರ್ತಾರಲ್ಲ, ಯಾಕ್ರೀ? ಕಚ್ಚೋ ನಾಯೀನ ಕಟ್ಟಿ ಹಾಕ್ದಂಗೆ."

"ಅಭ್ಯಾಸ," ಎಂದ.

ಅವಳು ಹೋದ ಮೇಲೆ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ. ಅಣ್ಣ ಎಡಚ. ಮರ ಹತ್ತುವುದು, ಗೋಲಿ ಹೊಡೆಯುವುದು, ಇವನ ಕಿವಿ ಹಿಂಡುವುದು, ಎಲ್ಲ ಎಡಗೈಯಲ್ಲೇ. ಆ ಎಡಗೈ ಬಣ್ಣದ ಮೇಲೆ ಹೋಗುವುದನ್ನು ನೋಡಲು ಎದುರು ಅಂಗಡಿಯವರು ಬಂದು ನಿಲ್ಲುತ್ತಿದ್ದರು. ಗ್ಯಾರೇಜಿನಲ್ಲಿ ಆವತ್ತೂ ಕಪ್ಪು ಕಾರು, ಬಾನೆಟ್ಟು ಅಣ್ಣನದು. ಇವನಿಗೆ ಹತ್ತೊಂಬತ್ತು. ಬೆಳಿಗ್ಗೆ ಬಟ್ಟೆ ಇವನ ಕೈಯಿಂದ ಜಾರಿ ಸಾಣೆಯ ಚಕ್ರದ ಬುಡದಲ್ಲಿ ಬಿತ್ತು. ಸುತ್ತ ನೋಡಿದ, ಯಾರ ಕಣ್ಣೂ ಈ ಕಡೆ ಇರಲಿಲ್ಲ. ಎತ್ತಿಕೊಂಡು ಎರಡು ಸಲ ಜಾಡಿಸಿದ. ಬಕೆಟ್ಟಿಗೆ ಹಾಕಲಿಲ್ಲ. ತನ್ನ ಬಟ್ಟೆಗಳ ಮೇಲೂ ಇಡಲಿಲ್ಲ. ಎರಡು ಹೆಜ್ಜೆ ಆಚೆ ಹೋಗಿ ಅಣ್ಣನ ಬಟ್ಟೆಗಳ ಮೇಲಿಟ್ಟ. ಈ ಎರಡು ಹೆಜ್ಜೆಗಳನ್ನು ಅವನು ಇಪ್ಪತ್ತೆರಡು ವರ್ಷಗಳಿಂದ ಅಳೆಯುತ್ತಿದ್ದ. ಹುಡುಗಾಟ, ಹೆದರಿಕೆ, ಮರೆವು ಎಂದು ಏನೇನೋ ಹೆಸರು ಕೊಟ್ಟು ನೋಡಿದ್ದ. ಯಾವ ಹೆಸರಿಟ್ಟರೂ ಎರಡು ಹೆಜ್ಜೆ ಉಳಿಯುತ್ತಿತ್ತು: ತಾನು ಬಳಸಲು ಹೆದರಿದ್ದನ್ನು ಅಣ್ಣನಿಗೆ ಇಟ್ಟಿದ್ದ. ಸಂಜೆ ದೀಪ ಬಾನೆಟ್ಟಿನ ಮೇಲೆ ನಿಂತಿತು. ಮೇಸ್ತ್ರಿ ನಗಿಸಲಿಲ್ಲ. ಇದು ಎಡಗೈಯ ಗೆರೆ, ನೋಡು ಎಲ್ಲ ಉಲ್ಟಾ ಸುತ್ತಿದೆ, ಎಡಚನಿಗೆ ಕಪ್ಪು ಕಾರು ಕೊಟ್ಟ ನನಗೆ ಬುದ್ಧಿಯಿಲ್ಲ ಎಂದು, ಅಣ್ಣ ಕೊನೆಗೆ ಒರೆಸಿದ್ದ ಬಟ್ಟೆಯನ್ನು ಎತ್ತಿ ಅವನ ಎದೆಗೇ ಎಸೆದು, ನಾಳೆಯಿಂದ ಬರಬೇಡ ಎಂದಿದ್ದ. ಅಣ್ಣ ಬಟ್ಟೆ ಹಿಡಿದುಕೊಂಡ. ಆದರೆ ನೋಡಿದ್ದು ತನ್ನ ಕೈಯನ್ನು. ಗೋಡೆಗೆ ಆತು ನಿಂತ ಇವನ ಬಾಯಲ್ಲಿ ಮೂರೇ ಮಾತಿದ್ದವು, ಅದು ಬಿದ್ದ ಬಟ್ಟೆ ಎಂದು. ಮಾರನೆಯ ವಾರ ಬಾನೆಟ್ಟು ಇವನ ಪಾಲಿಗೆ ಬಂತು. ಗೆರೆಗಳು ಯಾವ ಕೈಯ ಹೆಸರನ್ನೂ ಹೇಳುವುದಿಲ್ಲ, ದೀಪ ಎಲ್ಲಿದೆಯೋ ಅದರ ಸುತ್ತ ಸುತ್ತುತ್ತವೆ ಅಷ್ಟೇ, ಎಡಗೈಗೂ ಬಲಗೈಗೂ ಅಲ್ಲಿ ಭೇದವಿಲ್ಲ ಎಂದು ಅವನು ಕಲಿತದ್ದು ಮೂರನೆಯ ವರ್ಷ. ಆವತ್ತೇ ಹೋಗಿ ಹೇಳಬಹುದಿತ್ತು. ಅಷ್ಟರಲ್ಲಿ ಅಣ್ಣ ಡ್ರೈವರಾಗಿ ಲಾರಿ ಹತ್ತಿದ್ದ.

ಮೂರನೆಯ ಸಲವೂ ಗೆರೆಗಳು ಬಂದಾಗ ಅವನು ಕಾರಿನಿಂದ ದೂರ ಸರಿದು ಗೋಡೆಗೆ ಆತು ನಿಂತ. ನಿಂತ ಮೇಲೆ ತಾನು ನಿಂತ ಭಂಗಿ ಗೊತ್ತಾಗಿ ಗೋಡೆ ಬಿಟ್ಟು ಸರಿದ. ನೂರ ಎರಡು. ಇನ್ನು ಒಂದೇ ಸಲಕ್ಕೆ ಬಣ್ಣ ತಾಳುತ್ತದೆ. ಷೆಡ್ಡಿನೊಳಗೆ ತನ್ನನ್ನು ಬಿಟ್ಟು ಇನ್ನೊಬ್ಬನಿದ್ದಾನೆ, ತಾನು ಬೆನ್ನು ತಿರುಗಿಸಿದಾಗಲೆಲ್ಲ ಬಂದು ಮೆತ್ತಗೆ, ಪ್ರೀತಿಯಿಂದ ಒರೆಸಿ ಹೋಗುತ್ತಿದ್ದಾನೆ ಎಂಬುದು ಅವನಿಗೆ ಆ ಕ್ಷಣ ಬರೀ ಯೋಚನೆಯಾಗಿ ಉಳಿಯಲಿಲ್ಲ. ಪಾಲಿಶಿನ ವಾಸನೆಯ ಜೊತೆ ಇನ್ನೊಂದು ಮೈಯ ಬೆವರಿನ ವಾಸನೆ ಇತ್ತು. ಮೂಗು ಆ ವಾಸನೆಯ ಬೆನ್ನು ಹತ್ತಿ ಬಟ್ಟೆಗಳ ಕಟ್ಟಿನ ಹತ್ತಿರ ಬಂದು ನಿಂತಿತು. ಮೇಲಿದ್ದದ್ದು ಅಣ್ಣನ ಬಟ್ಟೆ. ಪ್ರತಿ ಸಲವೂ ಕೊನೆಗೆ ಒರೆಸಿದ್ದು ಇದರಿಂದಲೇ. ಒರೆಸಿದವನು ತಾನೇ.

ಈಗ ಅದನ್ನು ಬೆಳಕಿಗೆ ಹಿಡಿದ. ಮೈಯೆಲ್ಲ ಸ್ವಚ್ಛ. ಅಂಚನ್ನು ಬೆರಳಿನಲ್ಲಿ ಸವರಿಕೊಂಡು ಬಂದಾಗ ಒಂದು ಮೂಲೆ ಚುರುಕ್ ಎಂದಿತು. ಉಗುರಿನಿಂದ ಅಂಚಿನ ಮಡಿಕೆ ಬಿಡಿಸಿದ. ಹೊಲಿಗೆಗಳ ನಡುವೆ, ಎಷ್ಟು ವರ್ಷ ತೊಳೆದರೂ ಹೊರಬರದೆ, ಕಪ್ಪಗೆ ಮಿನುಗುತ್ತ, ಸಾಣೆಕಲ್ಲಿನ ನಾಲ್ಕೈದು ಕಣ. ಹೊರಗಿನ ದಾರ ಮಾಸಿ ಚಹಾದ ಬಣ್ಣಕ್ಕೆ ಬಂದಿತ್ತು. ಮಡಿಕೆಯ ಒಳಗೆ, ಬಿಸಿಲು ಕಾಣದ ಕಡೆ, ಅದು ಈಗಲೂ ಕೆಂಪಗಿತ್ತು.

ಎಷ್ಟು ಹೊತ್ತು ನೆಲದ ಮೇಲೆ ಕೂತಿದ್ದನೋ. ಹಾಗಾದರೆ ಅಣ್ಣ ಇಷ್ಟು ವರ್ಷ ಇದೇ ಬಟ್ಟೆಯಿಂದ ಒರೆಸಿ, ಗೆರೆ ಎದ್ದಾಗಲೆಲ್ಲ ಕೈಯನ್ನೇ ಬೈದುಕೊಂಡು, ಒಂದು ಕೈ ಬಿಟ್ಟು ಇನ್ನೊಂದಕ್ಕೆ ಕಲಿಸಿ, ಇನ್ನೂ ಹಗುರ, ಇನ್ನೂ ಹಗುರ ಎಂದು ಮುಟ್ಟಿ, ಮತ್ತೆ ಗೆರೆ ಎಬ್ಬಿಸಿದ್ದಾನೆ. ಬಟ್ಟೆಯ ಮೇಲೆ ಅವನಿಗೆ ಅನುಮಾನವೇ ಬಂದಿಲ್ಲ. ಅಥವಾ ಬಂದಿದೆಯೋ. ಕೆಂಪು ದಾರ ನೋಡಿಯೇ, ಇವತ್ತು ಬೆಳಿಗ್ಗೆ ನಗುತ್ತ ತಂದು ತನ್ನ ಕೈಗೇ ಇಟ್ಟಿದ್ದಾನೋ. ಬಟ್ಟೆಯನ್ನು ಸುಮ್ಮನೆ ಬಚ್ಚಿಟ್ಟು, ಹೊಸದೊಂದನ್ನು ಕೊಟ್ಟು ಕಳಿಸಿದರೆ ಕೆಲಸ ಉಳಿಯುತ್ತದೆ, ಗೆರೆ ಮತ್ತೆ ಏಳುವುದಿಲ್ಲ, ಮಾತೂ ಏಳುವುದಿಲ್ಲ. ಯಾರಿಗೂ ಏನೂ ನಷ್ಟವಿಲ್ಲ. ಹೀಗೆ ಲೆಕ್ಕ ಹಾಕುತ್ತಿರುವುದು ಹತ್ತೊಂಬತ್ತು ವರ್ಷದ ಅದೇ ತಲೆ ಎಂದು ಅವನಿಗೆ ತಿಳಿಯುತ್ತಿತ್ತು. ಎದ್ದು, ಎಲ್ಲಕ್ಕಿಂತ ಮೆತ್ತನೆಯ ಬಿಲ್ಲೆ ಹಾಕಿ, ನಾಲ್ಕನೆಯ ಸಲ, ಕೊನೆಯ ಸಲ, ಉಸಿರು ಬಿಗಿಹಿಡಿದು ಮಾಡಿದ. ತನ್ನದೇ ಬಟ್ಟೆಯಿಂದ ಒರೆಸಿದ. ದೀಪ ಹಿಡಿದ. ಬೆಳಕು ಒಂದು ಬಿಂದುವಾಗಿ ಒಳಗಿಳಿಯಿತು. ಅದರ ಪಕ್ಕ ಅವನ ಮುಖ, ಸುತ್ತ ಏನೂ ಇಲ್ಲದೆ, ಮರೆ ಮಾಡಲು ಒಂದು ಗೆರೆಯೂ ಇಲ್ಲದೆ, ಅವನನ್ನು ನೋಡಿತು. ನೂರು. ಬಾಗಿಲುಗಳನ್ನೂ ಹಿಂಭಾಗವನ್ನೂ ಮುಗಿಸುವ ಹೊತ್ತಿಗೆ ತಗಡಿನ ಸಂದುಗಳಲ್ಲಿ ಬಿಸಿಲು ಹಳದಿಯಾಗಿತ್ತು.

ಅಣ್ಣ ಬಂದಾಗ ಷಟರ್ ಎತ್ತಿದ. ಸಂಜೆಯ ಬಿಸಿಲು ಹೊಟ್ಟಿನ ಪುಡಿಯ ಜೊತೆ ಒಳಗೆ ನುಗ್ಗಿ ಕಾರಿನ ಮೇಲೆ ಬಿತ್ತು. ಅಣ್ಣ ಸುತ್ತ ಒಂದು ಸಲ ಬಂದ, ಬಗ್ಗಿ ನೋಡಲಿಲ್ಲ. ದೀಪ ಬೇಕಾ ಎಂದು ಇವನು ಕೇಳಿದ್ದಕ್ಕೆ, ನೀನು ಮಾಡಿದ್ದಕ್ಕೂ ದೀಪ ಹಿಡೀಬೇಕಾ ಎಂದು ನಕ್ಕ. ಕೀಲಿ ತೆಗೆದುಕೊಂಡ. ಆಮೇಲೆ ಕೈ ಚಾಚಿದ.

"ನನ್ನ ಬಟ್ಟೆ?"

ಅದು ಇವನ ಜೇಬಿನಲ್ಲಿತ್ತು. ತೆಗೆದ, ಆದರೆ ಕೊಡಲಿಲ್ಲ.

"ಅಣ್ಣ, ಇದು ಕೆಳಗೆ ಬಿದ್ದಿತ್ತು."

"ಯಾವಾಗ?"

ಮಧ್ಯಾಹ್ನ ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತ್ತು. ಎಷ್ಟು ಸಲೀಸಾಗಿ ಬಂದಿತ್ತೆಂದರೆ ಅದನ್ನು ನುಂಗಲು ಅವನು ಬಾಯಿ ಮುಚ್ಚಿಕೊಳ್ಳಬೇಕಾಯಿತು.

"ಆವತ್ತು. ಮೇಸ್ತ್ರಿ ನಿನ್ನ ಕಳಿಸಿದ ದಿನ, ಬೆಳಿಗ್ಗೆ. ಸಾಣೆ ಹತ್ರ ಬಿತ್ತು. ನನ್ನ ಕೈಯಿಂದ. ಜಾಡಿಸಿ ನಿನ್ನ ಬಟ್ಟೆ ಮೇಲೆ ಇಟ್ಟೆ. ಅಂಚಲ್ಲಿ ಇನ್ನೂ ಇದೆ ನೋಡು."

ಅಣ್ಣ ಅಂಚನ್ನು ನೋಡಲಿಲ್ಲ. ಹೊಲದ ಕಡೆ ತಿರುಗಿದ. ಅಲ್ಲಿ ಯಂತ್ರದ ಬಾಯಿಗೆ ಕೊನೆಯ ಹೊರೆ ಕೊಡುತ್ತಿದ್ದರು.

"ಕೆಂಪು ದಾರ ನಾನು ಆವತ್ತೇ ನೋಡಿದ್ದೆ," ಎಂದ. "ನಿನ್ನದು ಅಂತ ಗೊತ್ತಿತ್ತು. ನಿನ್ನ ಬಟ್ಟೆ ಯಾವಾಗ್ಲೂ ಸ್ವಚ್ಛ ಇರ್ತಿತ್ತಲ್ಲ, ಅದಕ್ಕೇ ಇಟ್ಕೊಂಡೆ."

ಅಣ್ಣ ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆದು ಮುಂದೆ ಹಿಡಿದ. ಕಿಟಕಿಯ ಬಿಸಿಲು ತಿನ್ನುವ ಬಲಗೈಗಿಂತ ಅದು ಬಿಳಿಚಿಕೊಂಡಿತ್ತು, ಗೇರು ಹಾಕುವುದೊಂದನ್ನು ಬಿಟ್ಟು ಬೇರೆ ಕೆಲಸ ಕಾಣದೆ ಉಗುರುಗಳು ಹುಡುಗನ ಉಗುರುಗಳ ಹಾಗೆ ಹೊಸದಾಗಿದ್ದವು.

"ಹಾಗಾದ್ರೆ ಈ ಕೈ?"

"ನಿನ್ನ ಕೈಲಿ ಏನೂ ತಪ್ಪಿರ್ಲಿಲ್ಲ ಅಣ್ಣ."

"ಇದನ್ನ ನೀನು ಹೇಳಬಾರ್ದಿತ್ತು," ಎಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಇದ್ದಿದ್ದರೆ ಇವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ನನ್ನ ಕೈ ಕೆಟ್ಟದ್ದು ಅಂತ ನಾನು ಒಪ್ಕೊಂಡಾಗಿತ್ತು. ಈಗ ಇದನ್ನ ಏನು ಮಾಡ್ಲಿ?"

ಊಟಕ್ಕೆ ನಿಲ್ಲಿಸಿಕೊಳ್ಳಿ ಎಂದು ಹೆಂಡತಿ ಹೇಳಿದ್ದು ನೆನಪಾಯಿತು. ತನ್ನ ಕಟ್ಟಿನಿಂದ ಹೊಸ ಬಟ್ಟೆಗಳನ್ನು ಎತ್ತಿ ಅಣ್ಣನಿಗೆ ಕೊಟ್ಟ. ಅಣ್ಣ ತೆಗೆದುಕೊಂಡ. ಇವನು ಕೈಯಲ್ಲಿ ಹಿಡಿದು ನಿಂತಿದ್ದ ಹಳೆಯದನ್ನು ಮಾತ್ರ ಮುಟ್ಟದೆ, ಅದು ನಿನ್ನದೇ ಅಲ್ವಾ, ನೀನೇ ಇಟ್ಟುಕೋ ಎಂದ. ಕಾರಿನ ಬಾಗಿಲ ಕಡೆ ಮೊದಲು ಹೋದದ್ದು ಎಡಗೈ. ಹಿಡಿಯ ಹತ್ತಿರ ಹೋಗಿ, ಹೇಗೆ ಹಿಡಿಯಬೇಕೆಂದು ತಿಳಿಯದೆ, ಬೇರೆಯವರ ಮನೆಯ ಬಾಗಿಲ ಮುಂದೆ ನಿಂತ ಹಾಗೆ ನಿಂತಿತು. ಅಣ್ಣ ಅದನ್ನು ನೋಡುತ್ತ ಕಾದ. ಕೊನೆಗೆ ಬಲಗೈಯಿಂದ ಬಾಗಿಲು ತೆಗೆದು ಕೂತ.

ಕಪ್ಪು ಕಾರು ಸಂಜೆಯನ್ನೂ ಷೆಡ್ಡನ್ನೂ ಬಾಗಿಲಲ್ಲಿ ನಿಂತ ಅವನನ್ನೂ ತನ್ನ ಮೈಮೇಲೆ ಚೊಕ್ಕಟವಾಗಿ ಹೊತ್ತುಕೊಂಡು ರಸ್ತೆಗೆ ತಿರುಗಿತು. ಹೊಲದಲ್ಲಿ ಯಂತ್ರ ನಿಂತಿತು. ಇಡೀ ದಿನದ ಸದ್ದು ನಿಂತ ಮೇಲೆ ಗಾಳಿಯಲ್ಲಿದ್ದ ಹೊಟ್ಟು ಕೆಳಗಿಳಿಯತೊಡಗಿತು, ಷಟರಿನ ಮೇಲೆ, ಬಕೆಟ್ಟಿನ ನೀರಿನ ಮೇಲೆ, ಅವನ ಹೆಗಲ ಮೇಲೆ, ಕೈಯಲ್ಲಿ ಹರಡಿಕೊಂಡಿದ್ದ ಬಟ್ಟೆಯ ಮೇಲೆ. ಅವನು ಜಾಡಿಸಲಿಲ್ಲ.